ಕಾಲುವೆಯ ಕಲ್ಲು

ನವೆಂಬರ್ ೧೪, ಗುರುವಾರ

ಅಂಜನಾಳ ಮೀನುಗಳೆಲ್ಲ ಸತ್ತವು. ಹೊಟ್ಟೆಯಲ್ಲಿದ್ದ ಕೂಸು ಹೋದ ಮೇಲೆ ಗಂಡನ ಮನೆಯಿಂದ ನಮ್ಮಲ್ಲಿಗೆ ಬಂದ ಮಗಳು ಮಾತಾಡುತ್ತಿದ್ದುದು ಅವುಗಳ ಜೊತೆ ಮಾತ್ರ. ಮೀನಿನ ತೊಟ್ಟಿ ಚೆಂದ ಕಾಣಲೆಂದು ನನ್ನ ತವರು ದೇಶನೂರಿನ ಗದ್ದೆಯ ಕಾಲುವೆಯಿಂದ ಕರಿಗಲ್ಲು ತಂದವಳು ನಾನೇ. ಸೋಪು ಮುಟ್ಟಿಸದೆ ಬ್ರಷ್ಷಿನಿಂದ ಉಜ್ಜಿದೆ. ನಿಂಬೆರಸ ಹಿಂಡಿ, ನೊರೆ ಬಾರದ್ದರಿಂದ ನೀರು ಕೆಡಿಸುವ ಸುಣ್ಣದ ಕಲ್ಲಲ್ಲ ಎಂದು ಖಾತ್ರಿ ಮಾಡಿಕೊಂಡೆ. ಕುದಿನೀರು ಸುರಿದು, ಆರಿದ ಮೇಲೆ ತೊಟ್ಟಿಗಿಟ್ಟೆ.

ಮಧ್ಯಾಹ್ನ ಆ ಗದ್ದೆ ಮಾಡುವ ತಮ್ಮ ಮರಿಬಸಪ್ಪನಿಗೆ ಫೋನ್ ಮಾಡಿದರೆ ನಕ್ಕುಬಿಟ್ಟ.

"ಅಯ್ಯ ಅಕ್ಕಾ, ಭತ್ತಕ್ಕ ಹುಳದ ಎಣ್ಣಿ ಹೊಡದು ಡಬ್ಬಿ ತೊಳೆಯೋದು ಆ ಕಲ್ಲಿನ ಮ್ಯಾಲೇ ಅಲ್ಲೇನು! ಕುದಿನೀರಿಗೆ ವಿಷ ಹೋಗತೈತೇನು?"

ಆ ಗದ್ದೆಯಲ್ಲೇ ಬೆಳೆದವಳಿಗೆ ಇದು ಹೊಳೆಯಲಿಲ್ಲ. ಕಣ್ಣಿಗೆ ಕಾಣುವ ಕೊಳೆಯನ್ನಷ್ಟೇ ತೊಳೆದೆ.

ಸಂಜೆ ಅಂಜನಾ ತೊಟ್ಟಿಯ ಮುಂದೆ ಕೂತು, "ನನ್ನ ಕೈಯಾಗ ಯಾವ ಜೀವಾನೂ ಉಳಿಯಂಗಿಲ್ಲ ಬಿಡಮ್ಮ" ಎಂದಳು. ಆಸ್ಪತ್ರೆಯಲ್ಲೂ ಹೀಗೇ ಅಂದಿದ್ದಳು. ಇವತ್ತು ಅದಕ್ಕೆ ಉತ್ತರ ನನ್ನ ಬಳಿ ಇತ್ತು. ವಿಷ ತಂದವಳು ನಾನು ಅಂದಿದ್ದರೆ ಸಾಕಿತ್ತು. ತಲೆ ನೇವರಿಸಿದೆ, ಅಷ್ಟೆ.

ನಾಳೆ ಹೇಳಿದರೂ ನಂಬುತ್ತಾಳೋ ಇಲ್ಲವೋ. ಅಮ್ಮ ಸಮಾಧಾನಕ್ಕೆ ಸುಳ್ಳು ಹೇಳುತ್ತಿದ್ದಾಳೆ ಅಂತ ಅಂದುಕೊಂಡಾಳು.