ಮೂರನೇ ಶನಿವಾರದವರು

ಜೂನ್ 18, ಬುಧವಾರ

ಬೆಳಿಗ್ಗೆಯಿಂದ ಹನ್ನೊಂದು ಫೋನು. ಶಿಕಾರಿಪುರ ಏಳು, ಸೊರಬ ನಾಲ್ಕು. ಮೊದಲು ಊಟದ ಮಾತು, ಆಮೇಲೆ ಮಾತ್ರೆ, ಕೊನೆಗೆ ಆಸ್ಪತ್ರೆಯ ತಾರೀಖು — ಆಫೀಸಿನ ಹಿರಿಯರಾಗಿದ್ದ ರಮಾಬಾಯಿ ಮೇಡಂ ಕಲಿಸಿದ ಕ್ರಮ. ಕ್ಯಾನ್ಸರ್ ಆದವರ ಮನೆಗೆ ಫೋನ್ ಮಾಡಿ ಬಾಯಿ ತೆರೆದ ಕೂಡಲೇ ಹೇಗಿದ್ದಾರೆ ಅಂತ ಕೇಳಬಾರದು. ಇದ್ದಾರೋ ಇಲ್ಲವೋ.

ಮಧ್ಯಾಹ್ನ ಸುಗ್ರಾ ಬೀ ಶಿಕಾರಿಪುರದ ನಮ್ಮ ಆಫೀಸಿಗೆ ಬಂದರು. ಐವತ್ತೆರಡು ವರ್ಷ. ಗಾದಿ ಹೊಲಿಯುತ್ತಾರೆ. ಎಡಗೆನ್ನೆಯ ಒಳಗೆ ವಾಸಿಯಾಗದ ಹುಣ್ಣು. ಕೈಯಲ್ಲಿ ಶಿವಮೊಗ್ಗದ ಬಯಾಪ್ಸಿ ರಿಪೋರ್ಟು. ಓದಿ ಹೇಳು ಬೇಟಿ ಎಂದರು. ಬೆನ್ನ ಹಿಂದೆ ನಿಂತ ಮಗ ಅಸ್ಲಂ ತಲೆ ಅಲ್ಲಾಡಿಸಿದ. ನಿನ್ನೆಯೇ ಫೋನಿನಲ್ಲಿ ಬೇಡಿಕೊಂಡಿದ್ದ — ಕ್ಯಾನ್ಸರ್ ಅಂದರೆ ಅಮ್ಮ ಹೆದರಿಕೆಗೇ ಹೋಗಿಬಿಡುತ್ತಾರೆ, ಹೇಳಬೇಡಿ ಅಂತ. ಡಾಕ್ಟರೂ ಅವನೊಬ್ಬನಿಗೇ ಹೇಳಿದ್ದಾರೆ.

ಓದಿದೆ. ಇಂಗ್ಲಿಷಿನಿಂದ ಕನ್ನಡಕ್ಕೆ, ಸಾಲು ಸಾಲಾಗಿ. ಒಂದು ಸಾಲು ಬಿಟ್ಟೆ. ಎಂ.ಎ. ಓದಿದ್ದಕ್ಕೆ ಇಷ್ಟಾದರೂ ಬರುತ್ತದೆ... ಬಿಟ್ಟದ್ದು ತಿಳಿಯದ ಹಾಗೆ ಓದುವುದು.

ಜುಲೈ ಮೂರಕ್ಕೆ ಆಪರೇಷನ್ ಎಂದೆ. ಹುಣ್ಣಿಗೆ ಆಪರೇಷನ್ನಾ ಎಂದರು. ಹೂಂ ಎಂದೆ.

ಜೂನ್ 21, ಮೂರನೇ ಶನಿವಾರ

ಯಾರೂ ಸೇರಲಿಲ್ಲ. ಏಪ್ರಿಲ್‌ನಿಂದ ಹೀಗೇ. ರಮಾಬಾಯಿ ಮೇಡಂ ನಿವೃತ್ತರಾಗಿ ಧಾರವಾಡದ ತಂಗಿ ಮನೆಗೆ ಹೋದ ಮೇಲೆ ಮೂರನೇ ಶನಿವಾರ ಬರೀ ಶನಿವಾರ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಷ್ಟು ಕಾಯುತ್ತಿದ್ದೆ ಈ ದಿನಕ್ಕೆ. ಸೊರಬದಲ್ಲಿ ಟೈಲರ್ ಅಂಗಡಿಯ ಮೇಲಿನ ಕೋಣೆ. ಕೆಳಗೆ ಮಷೀನಿನ ಸದ್ದು. ನಾಲ್ಕೇ ಜನ — ಮೇಡಂ, ನಾನು, ನಮ್ಮ ಆಫೀಸಿನ ಯಾಸ್ಮೀನ್, ಸೊರಬದ ಹಳ್ಳಿಗಳನ್ನು ಬೈಕಿನಲ್ಲಿ ಸುತ್ತುವ ಮಾಲತೇಶ್. ಎರಡು ತಾಲೂಕಿನ ಕ್ಯಾನ್ಸರ್ ರೋಗಿಗಳನ್ನೆಲ್ಲ ವಿಚಾರಿಸಿಕೊಳ್ಳುವವರು ನಾವೇ. ಒಂದೇ ನಿಯಮ: ಆ ತಿಂಗಳು ತನ್ನಿಂದಾದ ತಪ್ಪನ್ನು ಒಬ್ಬರು ಹೇಳಬೇಕು. ಉಳಿದವರು ಪ್ರಶ್ನೆ ಕೇಳಬಹುದು, ಉಪದೇಶ ಮಾಡುವ ಹಾಗಿಲ್ಲ. ಆಮೇಲೆ ಊಟದ ಡಬ್ಬಿ ಬಿಚ್ಚುವುದು.

ಒಮ್ಮೆ ಮಾಲತೇಶ್ ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಉಳವಿ ಕಡೆಯ ಒಂದು ಮನೆ. ನೋವಿನ ಮಾತ್ರೆ ಕೊಟ್ಟು ಅವಸರದಲ್ಲಿ ಎದ್ದು ಬಂದಿದ್ದರು. ಹೆಂಡತಿ ಹೆದರಿ ಅರ್ಧರ್ಧ ಮುರಿದು ಕೊಟ್ಟಳು. ಎರಡು ರಾತ್ರಿ ಆ ಮನುಷ್ಯ ನರಳಿದ. ಹೇಳುತ್ತಾ ಮಾಲತೇಶ್ ಅತ್ತರು. ಯಾರೂ ಸಮಾಧಾನ ಮಾಡಲಿಲ್ಲ. ಮೇಡಂ ಕಿತ್ತಳೆ ಸುಲಿದು ಒಂದೊಂದೇ ತೊಳೆ ಅವರ ಕೈಗೆ ಇಡುತ್ತಾ ಹೋದರು. ಮರುತಿಂಗಳಿಂದ ನಾಲ್ವರೂ ಮಾತ್ರೆ ಚೀಟಿಯ ಮೇಲೆ ಸೂರ್ಯ, ಚಂದ್ರ ಬರೆಯತೊಡಗಿದೆವು — ಹಗಲಿಗೆಷ್ಟು, ರಾತ್ರಿಗೆಷ್ಟು. ಯಾವ ಟ್ರೇನಿಂಗಿನಲ್ಲೂ ಅದನ್ನು ಕಲಿಸಿರಲಿಲ್ಲ.

ನಾನು ಮಾತ್ರ ಒಂದು ಸಲವೂ ಬಾಯಿ ಬಿಡಲಿಲ್ಲ. ಅಕ್ಷರ ಚೆಂದ ಅಂತ ನೋಟ್ ಬರೆಯುವ ಕೆಲಸ. ಅದರ ಹಿಂದೆ ಅಡಗಿ ಕೂತೆ. ವಾಪಸು ಬರುವಾಗ ಬಸ್ಸಿನಲ್ಲಿ ಮೇಡಂ ನನ್ನ ಹೆಗಲಿಗೆ ಒರಗಿ ನಿದ್ದೆ ಹೋಗುವರು. ಶಿರಾಳಕೊಪ್ಪ ದಾಟಿದರೂ ಏಳುತ್ತಿರಲಿಲ್ಲ. ಕದಲದೆ ಕೂರುತ್ತಿದ್ದೆ.

ಜುಲೈ 4

ಸುಗ್ರಾ ಬೀ ನಿನ್ನೆ ಶಿವಮೊಗ್ಗಕ್ಕೆ ಹೋಗಿಲ್ಲ. ಮಗಳು ಆತಿಫಾಗೆ ಈ ತಿಂಗಳ ಕೊನೆಗೆ ಹೆರಿಗೆ. ಹೆರಿಗೆ ಆಗಲಿ, ನಲವತ್ತು ದಿನ ಕಳೆಯಲಿ, ಆಮೇಲೆ ನೋಡೋಣ ಎಂದರು ಫೋನಿನಲ್ಲಿ. ಅಂದರೆ ಸೆಪ್ಟೆಂಬರ್. ಹರಡಿಲ್ಲ, ಈಗಲೇ ತೆಗೆದರೆ ಉಳಿಸಬಹುದು, ತಿಂಗಳಿಗಿಂತ ತಡ ಬೇಡ — ಇದು ಡಾಕ್ಟರ ಮಾತು.

ಅಸ್ಲಂ ಸಂಜೆ ಬಂದ. ಹುಣ್ಣು ತಾನೇ, ನಿನಗ್ಯಾಕೆ ಇಷ್ಟು ಅವಸರ ಅಂತ ಅಮ್ಮ ಅವನನ್ನೇ ಬೈದರಂತೆ. ಕಾಯಿಲೆಯ ಹೆಸರು ಹೇಳದೆ ಹೇಗಾದರೂ ಒಪ್ಪಿಸಿ ಮೇಡಂ ಎಂದ.

ನನ್ನನ್ನು ಮೇಡಂ ಎನ್ನುತ್ತಾರೆ ಈಗ.

ಜುಲೈ 11

ಒಪ್ಪಿಸಲು ಮೂರು ಸಲ ಫೋನ್ ಮಾಡಿದೆ. ಆಗಲಿಲ್ಲ. ಧಾರವಾಡಕ್ಕೆ, ಮೇಡಂಗೆ ಮೆಸೇಜು ಬರೆದೆ, ಅಳಿಸಿದೆ.

ಜುಲೈ 16

ನಾಲ್ವರ ಗುಂಪಿಗೆ ಹಾಕಿಬಿಟ್ಟೆ: ಈ ಶನಿವಾರ ಬನ್ನಿ. ಹನ್ನೊಂದಕ್ಕೆ. ನನ್ನದೊಂದು ತಪ್ಪಿದೆ. ಹಾಕಿ ಫೋನನ್ನು ಬೋರಲು ಇಟ್ಟೆ. ಅರ್ಧ ಗಂಟೆ ತೆಗೆಯಲಿಲ್ಲ.

ಮೇಡಂ ಬರೆದದ್ದು ಒಂದೇ ಮಾತು — ನನಗಾಗಿ ಕಾಯಬೇಡಿ.

ಜುಲೈ 19, ಮೂರನೇ ಶನಿವಾರ

ಅದೇ ಕೋಣೆ. ಯಾಸ್ಮೀನ್ ಜೊತೆ ಬಸ್ಸಿನಲ್ಲಿ ಹೋದೆ. ಮಾಲತೇಶ್ ನೆನೆದ ರೈನ್‌ಕೋಟು ಕೊಡವುತ್ತಾ ಬಂದರು. "ತಪ್ಪು ಕೇಳೋಕೆ ಬನ್ನಿ ಅಂತ ಕರೆಯೋಲೆ ಕೊಟ್ಟೋರು ನೀವೇ ಮೊದಲು ಕಣ್ರೀ, ಎಂ.ಎ. ಮೇಡಂ." ನಗು ಬಂತು. ಅದರಿಂದಲೇ ಶುರು ಮಾಡಲು ಆಯಿತು.

ಎಲ್ಲ ಹೇಳಿದೆ. ರಿಪೋರ್ಟು, ಅಸ್ಲಂ, ಬಿಟ್ಟ ಸಾಲು, ಸೆಪ್ಟೆಂಬರ್. ಬರೆದುಕೊಳ್ಳಲು ಯಾರೂ ಇರಲಿಲ್ಲ.

ಯಾಸ್ಮೀನ್ ಕೇಳಿದಳು. "ಯಾರಿಗೋಸ್ಕರ ಬಿಟ್ಟೆ ಮೇಘು? ಅವರಿಗೋಸ್ಕರನಾ, ಮಗನಿಗೋಸ್ಕರನಾ?"

ನನಗೋಸ್ಕರ ಎಂದೆ. ಅವರ ಮುಖ ನೋಡಿಕೊಂಡು ಆ ಮಾತು ಆಡಲು ನನ್ನಿಂದ ಆಗುತ್ತಿರಲಿಲ್ಲ.

ಮಾಲತೇಶ್ ಕೇಳಿದ್ದೂ ಒಂದೇ. ಎಷ್ಟು ತಿಳಿಯಬೇಕು ಅಂತ ಆ ಅಮ್ಮನನ್ನು ಯಾರಾದರೂ ಕೇಳಿದ್ದೀರಾ?

ಇಲ್ಲ. ಯಾರೂ.

ಡಬ್ಬಿ ಬಿಚ್ಚಿದೆವು. ಮೇಡಂ ಕೂರುತ್ತಿದ್ದ ಕಿಟಕಿ ಬದಿಯ ಜಾಗ ಖಾಲಿ ಇತ್ತು. ಮಾಲತೇಶ್ ಅಲ್ಲಿ ರೈನ್‌ಕೋಟು ಒಣಹಾಕಿದರು. ಯಾಕೋ ಅದು ಬೇಸರ ಅನ್ನಿಸಲಿಲ್ಲ.

ಜುಲೈ 20, ಭಾನುವಾರ

ಸುಗ್ರಾ ಬೀ ಮನೆಗೆ ಹೋದೆ. ಮೊದಲು ಅಸ್ಲಂನನ್ನು ಹೊರಗೆ ಕರೆದೆ. ನಾನಾಗಿ ಏನೂ ಹೇಳುವುದಿಲ್ಲ, ಆದರೆ ಅಮ್ಮನನ್ನು ಕೇಳುತ್ತೇನೆ, ಅವರು ಕೇಳಿದರೆ ಸುಳ್ಳು ಹೇಳುವುದಿಲ್ಲ ಎಂದೆ. ಸಿಟ್ಟಾದ. ನಿಮ್ಮ ತಾಯಿ ಆಗಿದ್ರೆ ಹೀಗೆ ಮಾಡ್ತಿದ್ರಾ ಎಂದ. ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ. ಕೊನೆಗೆ ಅವನೇ ಪರದೆ ಸರಿಸಿ ದಾರಿ ಬಿಟ್ಟ.

ಸುಗ್ರಾ ಬೀ ಹತ್ತಿಯ ನಡುವೆ ಕೂತು ಹೊಲಿಯುತ್ತಿದ್ದರು. ನಿಮ್ಮ ಕಾಯಿಲೆ ವಿಷಯ ನಿಮಗೆ ಎಷ್ಟು ತಿಳಿಯಬೇಕು ಅನ್ನಿಸುತ್ತದೆ ಅಂತ ಕೇಳಿದೆ. ಸೂಜಿ ನಿಲ್ಲಲಿಲ್ಲ.

"ಅವತ್ತು ಓದ್ತಾ ನಿನ್ನ ಬೆರಳು ಒಂದು ಸಾಲು ಹಾರ್ತು, ಬೇಟಿ. ನಂಗೆ ಇಂಗ್ಲಿಷ್ ಬರಲ್ಲ. ಬೆರಳು ಹಾರಿದ್ದು ಕಾಣಲ್ವಾ?"

ದಾರ ಎಳೆದು ಮುಂದುವರಿಸಿದರು.

"ಇಷ್ಟು ಓದಿದ ಹುಡುಗಿ ಬಾಯಲ್ಲಿ ಬರಲಾರದ್ದು ಅಂದ್ರೆ ಉಳಿಯೋ ಕಾಯಿಲೆ ಅಲ್ಲ ಅಂದ್ಕೊಂಡೆ. ಕುಯ್ಸಿಕೊಂಡು ಯಾಕೆ ಸಾಯೋದು. ಆತಿಫಾ ಮಗೂನ ನೋಡಿ, ನಲವತ್ತು ದಿನ ಬಾಣಂತನ ಮಾಡಿ ಹೋಗೋಣ ಅಂತ."

ಅಸ್ಲಂ ಬಾಗಿಲಲ್ಲೇ ಕೂತುಬಿಟ್ಟ.

ಕ್ಯಾನ್ಸರ್ ಎಂದೆ. ಅವರ ಮುಖ ನೋಡಿಕೊಂಡೇ. ಹರಡಿಲ್ಲ, ಈಗ ತೆಗೆದರೆ ಉಳಿಸಬಹುದು ಎಂದಿದ್ದಾರೆ, ನಾನು ಹೇಳುವುದು ಬೇಡ, ಡಾಕ್ಟರನ್ನು ನೀವೇ ಕೇಳಿ ಎಂದೆ. ಹಲ್ಲಿನಿಂದ ದಾರ ಕಡಿಯಲು ಹೋದರು, ಬಾಯಿ ನೋಯಿತು, ಕತ್ತರಿಗೆ ಕೈ ಚಾಚಿದರು. ಎತ್ತಿ ಕೊಟ್ಟೆ.

"ಮುಂಚೆನೇ ಹೇಳಿದ್ರೆ ಈ ಒಂದು ತಿಂಗಳು ನಾನು ಸಾಯ್ತಾ ಇರ್ತಿರಲಿಲ್ಲ," ಎಂದರು. ಬೈಗುಳದ ದನಿ ಇರಲಿಲ್ಲ. ಅದಕ್ಕೇ ಇನ್ನೂ ಚುಚ್ಚುತ್ತಿದೆ.

ಜುಲೈ 24, ಶಿವಮೊಗ್ಗ, ಮಧ್ಯಾಹ್ನ

ಹತ್ತಕ್ಕೆ ಟೋಕನ್. ಹನ್ನೆರಡೂವರೆಗೆ ಕರೆದರು. ಬಾಗಿಲ ಹತ್ತಿರ ಸುಗ್ರಾ ಬೀ ಮಗನಿಗೆ ನೀನು ಹೊರಗೆ ಕೂತಿರು ಎಂದರು. ಈ ಹುಡುಗಿ ಬರಲಿ.

ಒಳಗೆ ಎರಡು ಕುರ್ಚಿ. ಡಾಕ್ಟರು ಫೈಲು ತೆರೆದು, ಅಭ್ಯಾಸದಂತೆ, ನನ್ನ ಕಡೆ ತಿರುಗಿ ಶುರು ಮಾಡಿದರು. ಇವರಿಗೆ ತಿಳಿಸಿ ಹೇಳಿ ಅಂತ. ಮೇಡಂ ಆಗಿದ್ದರೆ ಏನಾದರೂ ಅನ್ನುತ್ತಿದ್ದರು, ಚೆನ್ನಾಗಿ. ನಾನು ನನ್ನ ಕುರ್ಚಿಯನ್ನು ಹಿಂದಕ್ಕೆ, ಗೋಡೆಯವರೆಗೆ ಸರಿಸಿಕೊಂಡೆ.

ಡಾಕ್ಟರು ಕನ್ನಡಕ ತೆಗೆದು ಸುಗ್ರಾ ಬೀ ಕಡೆ ತಿರುಗಿದರು. ನೋಡಿ ಅಮ್ಮಾ, ಎಂದು ಅವರಿಗೇ ಹೇಳತೊಡಗಿದರು.