ನಡುಗುವ ಬೈಕಿಗೆ ಒಂದು ಜೊತೆ ಗ್ರಿಪ್

ಮನೆಯಿಂದ, ಅಡುಗೆಮನೆಯ ಕಿಟಕಿ ಪಕ್ಕ
೧೪ನೇ ತಾರೀಖು, ಗುರುವಾರ

ಪ್ರೀತಿಯ ಮೈದುನರಾಯನಿಗೆ,

ಹೇಗಿದ್ದೀಯಪ್ಪಾ? ಕೆಮ್ಮು ಹೋಯಿತೇ, ಇಲ್ಲಾ ಅದೂ ನಿಮ್ಮ ಮಹಡಿಯ ಬಾಡಿಗೆದಾರನ ಹಾಗೆ ಹೋಗುತ್ತೇನೆ ಹೋಗುತ್ತೇನೆ ಎನ್ನುತ್ತಲೇ ಬೇರು ಬಿಟ್ಟಿದೆಯೇ? ಬಿಸಿನೀರು ಕುಡಿ ಎಂದರೆ ನೀನು ಕುಡಿಯುವ ಪೈಕಿಯಲ್ಲ. ಆದರೂ ಹೇಳುವುದು ಅತ್ತಿಗೆಯಾದವಳ ಕರ್ತವ್ಯ, ಹೇಳಿಯಾಯಿತು. ಫೋನಿನಲ್ಲೇ ಮಾತಾಡಬಹುದಿತ್ತಲ್ಲ ಎಂದು ಕೇಳಬೇಡ. ನಮ್ಮ ಮನೆಯಲ್ಲಿ ಫೋನೂ ನಿಮ್ಮಣ್ಣನೂ ಯಾವಾಗಲೂ ಒಂದೇ ಕೋಣೆಯಲ್ಲಿರುತ್ತಾರೆ, ನಾನು ಹೇಳಬೇಕಾದದ್ದೋ ನಿಮ್ಮಣ್ಣನ ವಿಷಯವೇ.

ನಿಮ್ಮಣ್ಣನ ಬಲಗೈ ನಡುಗುತ್ತಿದೆ. ಮೊದಮೊದಲು ಹೆಬ್ಬೆರಳು ಮಾತ್ರ, ಏನೋ ಲೆಕ್ಕ ಹಾಕುತ್ತಿರುವ ಹಾಗೆ. ಈಗ ಮಣಿಕಟ್ಟಿನವರೆಗೂ ಬಂದಿದೆ. ಊರಿನ ಅಂಗಡಿಗಳ ತಕ್ಕಡಿಗಳನ್ನೆಲ್ಲ ರಿಪೇರಿ ಮಾಡಿ, ಮುಳ್ಳು ಕೂದಲೆಳೆಯಷ್ಟೂ ಅತ್ತಿತ್ತ ಹೋಗದಂತೆ ನಿಲ್ಲಿಸುವ ಕೈ ಅದು, ನಿನಗೆ ಗೊತ್ತಲ್ಲ. ಡಾಕ್ಟರು ನೋಡಿದರು, ನಡೆಸಿದರು, ಕಣ್ಣು ಮುಚ್ಚಿಸಿ ನಿಲ್ಲಿಸಿದರು, ಮಾತ್ರೆ ಬರೆದರು. ಇದು ನರದ ತೊಂದರೆ, ಪೂರ್ತಿ ವಾಸಿಯಾಗುವಂಥದ್ದಲ್ಲ, ಇನ್ನು ಬೈಕ್ ಓಡಿಸುವುದು ಬಿಟ್ಟುಬಿಡಿ ಎಂದರು. ನಿಮ್ಮಣ್ಣ ಬಹಳ ವಿನಯದಿಂದ ತಲೆಯಾಡಿಸಿದರು. ಆಸ್ಪತ್ರೆಯ ಮೆಟ್ಟಿಲಿಳಿಯುವಾಗ ತಮ್ಮ ತೀರ್ಪು ಪ್ರಕಟಿಸಿದರು: “ಆ ಡಾಕ್ಟ್ರಿಗೆ ನರ ಗೊತ್ತು, ಬೈಕ್ ಗೊತ್ತಿಲ್ಲ ಕಣೇ. ದಿನವೆಲ್ಲಾ ಅಂಗಡಿ ಅಂಗಡಿ ಸುತ್ತೋವಾಗ ಆ ಹ್ಯಾಂಡಲ್ ಹಿಡ್ಕೊಂಡು ಹಿಡ್ಕೊಂಡು ಅದರ ನಡುಕ ನನ್ನ ಕೈಗೆ ಅಂಟಿದೆ. ಒಳ್ಳೇ ಗ್ರಿಪ್ ಹಾಕ್ಸಿದ್ರೆ ಮುಗೀತು.” ಹೀಗೆ ಮಾತು ಬಾರದ ಆ ಬೈಕಿನ ಮೇಲೆ ಗೂಬೆ ಕೂರಿಸಿದೆವು. ಕೂರಿಸಿದೆವು ಅಂತಲೇ ಬರೆಯುತ್ತಿದ್ದೇನೆ, ಏಕೆಂದರೆ ಆ ಘನಕಾರ್ಯಕ್ಕೆ ನಾನೂ ಕೈ ಜೋಡಿಸಿದ್ದೇನೆ.

ಬೈಕಿನ ಸಾಮಾನಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದರು. ನನ್ನನ್ನು ಒಪ್ಪಲು ಈ ಮನುಷ್ಯ ತೆಗೆದುಕೊಂಡದ್ದು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು. ಗ್ರಿಪ್ ಒಪ್ಪಲು ಇಡೀ ಮಧ್ಯಾಹ್ನ ಸಾಲಲಿಲ್ಲ. ಗೋಡೆಯ ತುಂಬ ಜೋಡಿ ಜೋಡಿಯಾಗಿ ನೇತು ಹಾಕಿದ್ದರು: ಗಟ್ಟಿ ರಬ್ಬರಿನವು, ಸ್ಪಂಜಿನವು, ಒಳಗೆ ಜೆಲ್ ತುಂಬಿದವು, ನೋಡಿದರೆ ಕಣ್ಣು ಕುಕ್ಕುವ ಕೆಂಪಿನವು. ಟೊಮೆಟೊ ಆರಿಸುವ ಹಾಗೆ ಒಂದೊಂದನ್ನೂ ಹಿಚುಕಿ ನೋಡಿದರು. ಎಡಗೈಯಲ್ಲಿ. ಬಲಗೈ ಜೇಬಿನಲ್ಲಿತ್ತು. “ಯಾವ ಬೈಕಿಗೆ ಸರ್?” ಎಂದ ಅಂಗಡಿಯವನು. “ನಡುಗೋ ಬೈಕಿಗೆ” ಎಂದರು. “ಹಾಗಾದ್ರೆ ಜೆಲ್ ತಗೊಳ್ಳಿ. ಇದನ್ನ ಹಾಕಿದ್ರೆ ಬೈಕ್ ಓಡ್ತಿದೆಯೋ ನಿಂತಿದೆಯೋ ಕೈಗೆ ಗೊತ್ತೇ ಆಗಲ್ಲ.” ನಾನು ಸುಮ್ಮನಿರಲಾರದೆ, “ಗೊತ್ತಾಗದೆ ಇದ್ರೆ ಇಳಿಯೋದು ಹೇಗಪ್ಪಾ?” ಅಂದೆ. ಅಂಗಡಿಯವನು ನಕ್ಕ. ನಿಮ್ಮಣ್ಣ ನಗಲಿಲ್ಲ. ಸ್ಪಂಜಿನದು ಮಳೆ ಬಂದರೆ ನೀರು ಕುಡಿಯುತ್ತದೆ, ಗಟ್ಟಿ ರಬ್ಬರು ಅಂಗೈ ತರಚುತ್ತದೆ, ತೀರಾ ದಪ್ಪನೆಯದಾದರೆ ಬೆರಳು ಬ್ರೇಕಿನವರೆಗೆ ಚಾಚುವುದಿಲ್ಲ ಎಂದು ಒಂದೊಂದಕ್ಕೂ ಒಂದೊಂದು ಕೊಂಕು ತೆಗೆದು, ಕೊನೆಗೆ ಕಪ್ಪು ಜೆಲ್ ಗ್ರಿಪ್ಪಿಗೇ ಒಪ್ಪಿಗೆಯ ಮುದ್ರೆ ಬಿತ್ತು.

ಭಾನುವಾರ ಬೆಳಿಗ್ಗೆ ಮನೆಯ ಮುಂದೆ ಶಸ್ತ್ರಚಿಕಿತ್ಸೆ. ಹಳೇ ಗ್ರಿಪ್ಪು ಎಳೆದರೆ ಬರುವ ಜಾತಿಯಲ್ಲ, ಉದ್ದಕ್ಕೆ ಸೀಳಿ ಸುಲಿಯಬೇಕು. ಬ್ಲೇಡು ಹಿಡಿದ ಕೈಯನ್ನು ನೋಡಿ, “ಕೊಡಿ ಇಲ್ಲಿ, ದಿನಾ ತರಕಾರಿ ಹೆಚ್ಚೋಳು ನಾನು” ಎಂದು ಕಸಿದುಕೊಂಡೆ. “ಹ್ಯಾಂಡಲ್ಲನ್ನೂ ಹೆಚ್ಚಿಬಿಟ್ಟೀಯ, ಜೋಕೆ” ಎಂದರು. ಎಡಗಡೆಯದಕ್ಕೂ ಬಲಗಡೆಯದಕ್ಕೂ ತೂತು ಒಂದೇ ಅಳತೆಯದಲ್ಲ ಎಂಬ ಜ್ಞಾನೋದಯವಾದದ್ದು ಆಗಲೇ. ಬಲಗಡೆಯದು ಆಕ್ಸಿಲರೇಟರಿನ ತಿರುಗುವ ಕೊಳವೆಯ ಮೇಲೆ ಕೂರಬೇಕಲ್ಲ, ಅದರ ಹೊಟ್ಟೆ ದೊಡ್ಡದು. ಸಲೀಸಾಗಿ ಜಾರಲೆಂದು ಪಕ್ಕದ ಬ್ಯೂಟಿ ಪಾರ್ಲರಿನವಳಿಂದ ಕೂದಲಿಗೆ ಹೊಡೆಯುವ ಸ್ಪ್ರೇ ತಂದೆವು. ಹಸಿಯಿದ್ದಾಗ ಜಾರುತ್ತದೆ, ಒಣಗಿದರೆ ಅಂಟಿನ ಹಾಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಒಂದೇ ಉಸಿರಿಗೆ ತಳ್ಳಿ ಮುಗಿಸಬೇಕು. ಎಡಗಡೆಯದು ಹೇಗೋ ಹೋಯಿತು. ಬಲಗಡೆಯದು ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು. ನಿಮ್ಮಣ್ಣನ ಕೈಗೆ ಬಿಗಿ ಸಿಗುತ್ತಿಲ್ಲ, ಸ್ಪ್ರೇ ಒಣಗುತ್ತಿದೆ. ನನ್ನತ್ತ ನೋಡಲಿಲ್ಲ. “ತಳ್ಳೇ” ಎಂದರು, ಅಷ್ಟೇ. ಅವರ ಕೈಯ ಮೇಲೆ ಕೈಯಿಟ್ಟು ತಳ್ಳಿದೆ. ಗ್ರಿಪ್ಪು ಹೋಗಿ ಅದರ ಜಾಗದಲ್ಲಿ ಕೂತಿತು. ಅವರ ಕೈ ಮಾತ್ರ ನನ್ನ ಅಂಗೈ ಕೆಳಗೆ ಕುದಿಯುವ ಪಾತ್ರೆಯ ಮುಚ್ಚಳದ ಹಾಗೆ ಅದುರುತ್ತಲೇ ಇತ್ತು.

ಮಾರನೆಯ ದಿನ, ಚೆನ್ನಾಗಿ ಒಣಗಿದ ಮೇಲೆ, ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ಸ್ಟಾರ್ಟ್ ಮಾಡಿದರು. ನಾನು ಎಡಗಡೆ ಹಿಡಿದು ನೋಡಿದೆ. ಅಂಗಡಿಯವನು ಸುಳ್ಳು ಹೇಳಿರಲಿಲ್ಲ, ಎಂಜಿನ್ ಓಡುತ್ತಿರುವುದು ಕೈಗೆ ತಿಳಿಯುತ್ತಲೇ ಇರಲಿಲ್ಲ. ನಿಮ್ಮಣ್ಣ ಬಲಗಡೆ ಹಿಡಿದು ಮೆಲ್ಲಗೆ ತಿರುಗಿಸಿದರು. ಅವರ ಕೈ ಅದುರಿದಂತೆಲ್ಲ ಎಂಜಿನ್ನಿನ ದನಿ ಏರಿತು, ಇಳಿಯಿತು, ಏರಿತು, ಇಳಿಯಿತು, ಸಂಗೀತ ಪಾಠಕ್ಕೆ ಹೊಸದಾಗಿ ಸೇರಿದವರ ಹಾಗೆ. ಇಷ್ಟು ದಿನ ಜೇಬಿನಲ್ಲಿ ಬಚ್ಚಿಟ್ಟುಕೊಂಡಿದ್ದದ್ದು ಇಡೀ ಬೀದಿಗೆ ಕೇಳಿಸಿಬಿಟ್ಟಿತು. ಪಾರ್ಲರಿನವಳು ಬಾಗಿಲಿಗೆ ಬಂದು, “ಏನಾಯ್ತಣ್ಣಾ, ಬೈಕಿಗೆ ಹುಷಾರಿಲ್ವಾ?” ಎಂದಳು. ಎಂಜಿನ್ ಆರಿಸಿದರು. ಟ್ಯಾಂಕಿನ ಮೇಲೆ ಕೈಯಿಟ್ಟುಕೊಂಡು, “ಕಾರ್ಬುರೇಟರ್ ತೊಳೆಸ್ಬೇಕು” ಎಂದರು. “ಹೌದ್ರೀ, ಅದೇ ಇರ್ಬೇಕು” ಅಂದೆ. ಇಷ್ಟು ವರ್ಷದ ಸಂಸಾರದಲ್ಲಿ ಅವರ ಯಾವ ಮಾತನ್ನೂ ನಾನು ಅಷ್ಟು ಬೇಗ ಒಪ್ಪಿದವಳಲ್ಲ. ಅದಕ್ಕೇ ಇರಬೇಕು, ತಿರುಗಿ ಒಮ್ಮೆ ನನ್ನ ಮುಖವನ್ನೇ ನೋಡಿದರು.

ಉಳಿದದ್ದೆಲ್ಲ ಇದ್ದ ಹಾಗೇ ಇದೆ. ನಿನ್ನ ಮನೆಯವಳನ್ನು ಕೇಳಿದೆನೆಂದು ಹೇಳು. ನಿನ್ನ ಮಗಳು ದೊಡ್ಡಮ್ಮನನ್ನು ಮರೆತಿದ್ದರೆ ನೆನಪಿಸು, ನೆನಪಿಟ್ಟುಕೊಂಡಿದ್ದರೆ ಒಂದು ಮುತ್ತು ಕೊಡು. ಎಲ್ಲರೂ ತಣ್ಣಗಿರಿ.

ನಿನ್ನ ಅತ್ತಿಗೆ,
ಸದ್ಯಕ್ಕೆ ಅರ್ಧ ಮೆಕ್ಯಾನಿಕ್

ವಿ.ಸೂ.: ನಿನ್ನೆ ಮತ್ತೆ ಬೈಕ್ ತೆಗೆದುಕೊಂಡು ಕೆಲಸಕ್ಕೆ ಹೋಗಿದ್ದರು. ಸಂಜೆ ಮನೆಗೆ ಬಂದಾಗ ಮೊಣಕೈ ತರಚಿತ್ತು, ಬೈಕಿನ ಒಂದು ಕನ್ನಡಿ ಇರಲಿಲ್ಲ. “ನಿಂತಿದ್ದಾಗ ವಾಲಿತು” ಎಂದರು. ಬಿಡಿ ಎಂದು ನಾನು ಹೇಳಿದರೆ ಬಿಡುವುದಿಲ್ಲ, ಕಸಿದುಕೊಂಡರೆ ಆ ಮನುಷ್ಯ ಉಳಿಯುವುದಿಲ್ಲ. ನೀನು ಕೇಳಿದ್ದನ್ನು ಮಾತ್ರ ಅವರು ಇಲ್ಲ ಎಂದದ್ದು ನಾನು ನೋಡಿಲ್ಲ. ಅದಕ್ಕೆ ನೀನೇ ಅವರಿಗೆ ಬರೆ, ನನಗೆ ಬೈಕ್ ಬೇಕಾಗಿದೆ, ನಿನ್ನದನ್ನು ಕೊಡು ಅಂತ. ನಿನಗೆ ಸೈಕಲ್ಲೂ ನೆಟ್ಟಗೆ ಬರುವುದಿಲ್ಲವೆಂದು ನನಗೆ ಗೊತ್ತು; ಕಲಿಯುತ್ತೇನೆ ಅಂತ ಬರೆ. ಈ ವಯಸ್ಸಿಗೆ ಇವನಿಗೆ ಬೈಕಂತೆ ಎಂದು ಬಾಯಿ ತುಂಬ ಬೈಯುತ್ತಾರೆ, ಬೈಯಲಿ, ಚೆನ್ನಾಗಿ ಬೈದರೆ ಅವರಿಗೆ ಸ್ವಲ್ಪ ಹಗುರವಾದೀತು. ಆಮೇಲೆ ಲಾರಿಗೆ ಹಾಕಿಸಿ ಕಳಿಸುತ್ತಾರೆ. ನಿಮ್ಮ ಮೆಟ್ಟಿಲ ಕೆಳಗೆ ನಿಲ್ಲಿಸಿಕೋ, ಕೇಳಿದಾಗಲೆಲ್ಲ ಚೆನ್ನಾಗಿ ಓಡುತ್ತಿದೆ ಅನ್ನು. ನನ್ನ ಹೆಸರು ಎತ್ತಬೇಡ. ಬೇಗ ಬರೆ. ಬೈಕ್ ಹೋದ ಮೇಲೆ ಅವರು ಬೆಳಿಗ್ಗೆ ತಿಂಡಿ ತಿಂದು, ತೂಕದ ಕಲ್ಲಿನ ಪೆಟ್ಟಿಗೆ ಎತ್ತಿಕೊಂಡು ಬಾಗಿಲಿಗೆ ಬಂದಾಗ ನಾನು ಏನು ಹೇಳಬೇಕು ಎಂಬುದು ಮಾತ್ರ ಎಷ್ಟು ಯೋಚಿಸಿದರೂ ಹೊಳೆಯುತ್ತಿಲ್ಲ.