ಚಿಗವ್ವನ ದನಿ ಜೋಡಿಸಿದ್ದು

ಮುಧೋಳ, ಫೆಬ್ರವರಿ 30, 2304

ಈಗ ಪ್ರೋಗ್ರಾಮ್ ಬರೆಯುತ್ತಿರುವ ಹಿರಿಯರಿಗೆ,

ತಾರೀಖು ನೋಡಿ ನಗಬೇಡಿ. ನಮ್ಮ ಕಾಲದಲ್ಲಿ ಫೆಬ್ರವರಿಗೂ ಮೂವತ್ತು ದಿನ. ನನ್ನ ಮಾತು ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ನಾನು ಹಳೆಯ ಧ್ವನಿಮುದ್ರಣ ಕೇಳಿ ಕಲಿತವಳು.

ನಾನು ಇಂದುಮತಿ ಕೊಪ್ಪರದ. ದನಿಬಿಲ್ಲೆ ರಿಪೇರಿ ಮಾಡುತ್ತೇನೆ. ಗಂಟಲ ಶಸ್ತ್ರಚಿಕಿತ್ಸೆಯಲ್ಲಿ ಮಾತು ಕಳೆದುಕೊಂಡವರು ಕೊರಳಿಗೆ ಅಂಟಿಸಿಕೊಳ್ಳುವ ಸಣ್ಣ ಯಂತ್ರವದು. ಕೊರಳಿನ ಕಂಪನ ಓದಿ, ಅವರ ಮೊದಲಿನ ದನಿಯಲ್ಲೇ ಮಾತಾಡುತ್ತದೆ. ನನ್ನ ಚಿಗವ್ವ ಸಂಗವ್ವನ ಬಿಲ್ಲೆ ಕಳೆದ ಬೇಸಿಗೆಯಲ್ಲಿ ಸುಟ್ಟುಹೋಯಿತು. ಅವಳ ಗಂಡ ಬಸಲಿಂಗ ಕಾಕಾನಿಗೆ ಕಣ್ಣು ಕಾಣುವುದಿಲ್ಲ. ಹೀಗಾಗಿ ಅವಳು ಹೇಳುವುದನ್ನೆಲ್ಲ ಅವನ ಅಂಗೈ ಮೇಲೆ ಬೆರಳಿನಿಂದ ಬರೆಯತೊಡಗಿದಳು. ಆಸ್ಪತ್ರೆಯವರು ಬೇರೆ ಯಾರದೋ ಸಿದ್ಧ ದನಿಯ ಒಂದು ಬಿಲ್ಲೆ ಕೊಟ್ಟರು. ಕಾಕಾನಿಗೆ ಅದು ಒಗ್ಗಲಿಲ್ಲ.

"ಯಾರೋ ಹೆಂಗಸು ನನ್ನ ಮನ್ಯಾಗ ನಿಂತು ಚಾ ಬೇಕೇನ್ರಿ ಅಂದಂಗ ಆಕ್ಕೈತಿ," ಎಂದ. "ಆಕಿ ಸಿಟ್ಟಾಗ್ಯಾಳೋ ನಗಾಕ್ಹತ್ಯಾಳೋ ನನಗ ತಿಳಿಬೇಕಲ್ಲವಾ."

ಬಿಲ್ಲೆಯ ಪ್ರೋಗ್ರಾಮ್ ನಿಮ್ಮ ಕಾಲದ್ದು. ಹೆಚ್ಚಿನ ಕೆಲಸವೆಲ್ಲ ಓದಲು ಸುಲಭವಾದ ಸ್ಕ್ರಿಪ್ಟ್ ಭಾಷೆಯಲ್ಲಿದೆ. ದನಿಯ ಏರಿಳಿತ ಲೆಕ್ಕ ಹಾಕುವ ಭಾಗವನ್ನು ಮಾತ್ರ ವೇಗಕ್ಕಾಗಿ ಸಿ ಭಾಷೆಯಲ್ಲಿ ಬರೆದು ಸೇರಿಸಿದ್ದಾರೆ. ಸುಟ್ಟದ್ದರ ಬದಲು ಹಾಕಿದ ಹೊಸ ಚಿಪ್ಪಿಗೆ ಹೊಂದುವಂತೆ ಆ ಭಾಗವನ್ನು ಮತ್ತೆ ಕಟ್ಟಿದೆ. ಕಟ್ಟುವಾಗ ಯಾವ ತಕರಾರೂ ಬರಲಿಲ್ಲ. ಚಾಲೂ ಮಾಡಿದೊಡನೆ, ಏರಿಳಿತ ಅಳೆಯುವ ಫಂಕ್ಷನ್ನಿನ ಹೆಸರೇ ಸಿಗುತ್ತಿಲ್ಲವೆಂದು ನಿಂತುಬಿಟ್ಟಿತು. ಅದಿರುವ ಲೈಬ್ರರಿಯನ್ನು, ಅಂದರೆ ಸಿದ್ಧ ಫಂಕ್ಷನ್ನುಗಳ ಕಂತೆಯನ್ನು, ಹೊಸದಾಗಿ ಕಟ್ಟಿದೆ, ಬೇರೆ ಕಡೆ ಇಟ್ಟು ನೋಡಿದೆ. ಅದೇ ಹಾಡು. ಕೊನೆಗೆ ಬೇಸತ್ತು, ಅದೇ ಹೆಸರಿನ ಏನೂ ಮಾಡದ ಒಂದು ಫಂಕ್ಷನ್ ಬರೆದಿಟ್ಟೆ. ದೋಷ ಹೋಯಿತು. ಚಿಗವ್ವ ಮಾತಾಡಿದಳು; ಆದರೆ ಏರಿಲ್ಲ, ಇಳಿವಿಲ್ಲ, ಗೋಡೆಗೆ ಸುಣ್ಣ ಬಳಿದಂತೆ ಒಂದೇ ಸಮ. ಕಾಕಾ ಮುಖ ತಿರುಗಿಸಿ ಕೂತ. ಅವಳು ತಾನೇ ಬಿಲ್ಲೆ ಕಿತ್ತು ನನ್ನ ಕೈಗಿಟ್ಟಳು.

ಮರುದಿನ ನನ್ನ ಜೊತೆ ಕೆಲಸ ಮಾಡುವ ರೇಷ್ಮಾ ಬಾಗವಾನ, ಪ್ರೋಗ್ರಾಮ್ ಕಟ್ಟಲು ನಾನು ಕೊಟ್ಟಿದ್ದ ಆಜ್ಞೆಯ ಸಾಲನ್ನು ನಿಧಾನವಾಗಿ ಓದಿದಳು.

"ಲೈಬ್ರರಿ ಹೆಸರು ಮೊದಲ ಯಾಕ ಬರದಿ?"

"ಎಲ್ಲಿ ಬರದ್ರೇನು? ಐತಲ್ಲ."

"ತುಂಡು ಜೋಡಸೂ ಲಿಂಕರ್ ಸಾಲನ್ನ ಎಡದಿಂದ ಓದಕೋತ ಹೋಗತೈತಿ. ಲೈಬ್ರರಿ ಕಂಡಾಗ ಇನ್ನೂ ಯಾರೂ ಏನೂ ಕೇಳಿರೂದಿಲ್ಲ. ಬ್ಯಾಡಂತ ಬಿಟ್ಟು ಮುಂದ ಹೊಕ್ಕೈತಿ. ಆಮ್ಯಾಲ ನಿನ್ನ ಸಿ ಕಡತ ಆ ಫಂಕ್ಷನ್ ಕೇಳಿದ್ರ, ತಿರುಗಿ ನೋಡೂದಿಲ್ಲ."

ನನ್ನ ಪೊಳ್ಳು ಫಂಕ್ಷನ್ ಅಳಿಸಿ, ಲೈಬ್ರರಿಯ ಹೆಸರನ್ನು ಸಾಲಿನ ಕೊನೆಗೆ ಒಯ್ದೆ. ಈ ಸಲ ಪ್ರೋಗ್ರಾಮ್ ಸುಮ್ಮನೆ ಚಾಲೂ ಆಯಿತು.

ಸಂಜೆ ಚಿಗವ್ವನ ಕೊರಳಿಗೆ ಬಿಲ್ಲೆ ಅಂಟಿಸಿದೆ. ಅವಳು ಗಂಡನನ್ನೊಮ್ಮೆ ನೋಡಿದಳು.

"ಅಂಗಿ ತಿರುವಿ ಹಾಕ್ಕೊಂಡೀರಿ. ಮುಂಜಾನಿಂದ ಹಿಂಗ ಓಣಿ ತುಂಬ ಅಡ್ಡಾಡಿ ಬಂದ್ರೇನು?"

ಕಾಕಾ ದನಿ ಬಂದ ಕಡೆ ಮುಖ ತಿರುಗಿಸಿದ. ಆಮೇಲೆ, "ಇನ್ನೊಮ್ಮೆ ಬೈಯಿ," ಎಂದ.

ಹಿರಿಯರೇ, ನಿಮ್ಮಲ್ಲಿ ಒಂದು ವಿನಂತಿ. ನಿಮ್ಮ ಪ್ರೋಗ್ರಾಮಿಗೆ ಯಾವ ಲೈಬ್ರರಿ ಬೇಕು, ಯಾವುದರ ನಂತರ ಯಾವುದು ಬರಬೇಕು ಎಂದು ಎರಡು ಸಾಲು ಬರೆದಿಡಿ. ಅದು ಯಾರ ಕೈಗೆ ಬರುತ್ತದೋ ನಿಮಗೆ ತಿಳಿಯುವುದಿಲ್ಲ. ಆದರೆ ಅವರ ಬೆನ್ನ ಹಿಂದೆ ಒಬ್ಬರು ಮಾತಿಗಾಗಿ ಕಾಯುತ್ತ ಕೂತಿರುತ್ತಾರೆ.

ನಿಮ್ಮ ಮುಂದಿನವಳು,
ಇಂದುಮತಿ